ಮೂರನೇ ಮಂಚದ ಹಾಲಿನ ಚಿಂತೆ

ಹೆರಿಗೆ ವಾರ್ಡಿನಲ್ಲಿ ಹೊಸ ನಿಯಮವೊಂದನ್ನು ಬರೆದು ತೂಗುಹಾಕಿದರೆ ಸಾಕು, ಅದನ್ನು ಮುರಿಯುವವರು ಸಂಜೆಯೊಳಗೆ ಬುತ್ತಿ ಕಟ್ಟಿಕೊಂಡು ಬಂದೇ ಬರುತ್ತಾರೆ. ತೊಂಬತ್ತರ ದಶಕದಲ್ಲಿ ನಾನು ಬೈಲಹೊಂಗಲದ ಸಣ್ಣ ಆಸ್ಪತ್ರೆಯೊಂದರಲ್ಲಿ ಮೇಟ್ರನ್ ಆಗಿದ್ದಾಗ ಇದು ಒಮ್ಮೆಯೂ ತಪ್ಪಲಿಲ್ಲ. ನಾನು ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಗಂಟೆ ಹೊಡೆದರೆ ಏಳುತ್ತಿದ್ದೆವು, ಗಂಟೆ ಹೊಡೆದರೆ ಉಣ್ಣುತ್ತಿದ್ದೆವು. ಅದರಿಂದ ಯಾರಿಗೂ ಕೇಡಾದದ್ದನ್ನು ನಾನು ಕಾಣೆ.

ಒಂದು ಸಲ ಮೂರನೇ ಮಂಚಕ್ಕೆ ಮುನವಳ್ಳಿಯ ಹುಡುಗಿಯೊಬ್ಬಳು ಬಂದಳು. ಚೊಚ್ಚಲ ಹೆರಿಗೆ, ಗಂಡು ಮಗು, ಎಲ್ಲ ಸುಸೂತ್ರ. ಆದರೆ ಅವಳಿಗೆ ಒಂದೇ ಚಿಂತೆ, ನನ್ನನ್ನು ಕಂಡಾಗಲೆಲ್ಲ ಕೇಳುವಳು: "ಬಾಯಾರ, ನನಗ ಹಾಲು ಬರತಾವೋ ಇಲ್ಲೋ?" ಸಂಪಗಾಂವದಿಂದ ಬಂದ ಅವಳ ಅತ್ತೆಯಂತೂ ಹಾಲಿನ ಪುಡಿಯ ಡಬ್ಬಿಯನ್ನು ಚೀಲದಲ್ಲಿ ಇಟ್ಟುಕೊಂಡೇ ಬಂದಿದ್ದರು. "ನಾಕನೇ ದಿನ ಮನಿಗಿ ಕಳಸ್ತಾರಂತ. ಅಷ್ಟರಾಗ ಹಾಲು ಬರಲಿಲ್ಲಂದ್ರ ಡಬ್ಬಿ ತಗಿಯೂದ," ಎಂದು ಸಾರಿಬಿಟ್ಟರು. ಹುಡುಗಿ ಆ ಚೀಲವನ್ನು ಸವತಿಯನ್ನು ನೋಡಿದ ಹಾಗೆ ನೋಡುತ್ತಿದ್ದಳು.

ಗಿಣ್ಣದ ಲೆಕ್ಕ

ಮೊದಲ ದಿನ ನಾಲ್ಕು ಹನಿ ದಪ್ಪನೆಯ ಹಳದಿ ಹಾಲು ಬಂತು. ಅತ್ತೆ ಮೂಗು ಮುರಿದರು. "ಇದು ಕೆಟ್ಟ ಹಾಲು. ಹಿಂಡಿ ಚೆಲ್ಲಬೇಕು."

ಇಂಥವರಿಗೆ ತಿಳಿಯುವ ಭಾಷೆಯಲ್ಲೇ ಹೇಳಬೇಕೆಂದು ನಾನು ಕೇಳಿದೆ: "ನಿಮ್ಮ ಮನೆಯಲ್ಲಿ ಎಮ್ಮೆ ಇದೆಯೇ?"

"ಎರಡ ಅದಾವ್ರಿ."

"ಎಮ್ಮೆ ಕರು ಹಾಕಿದಾಗ ಮೊದಲ ಹಾಲನ್ನು ಚೆಲ್ಲುತ್ತೀರೋ?"

"ಅಯ್ಯ, ಚೆಲ್ಲತಾರೇನ್ರಿ! ಬೆಲ್ಲಾ, ಯಾಲಕ್ಕಿ ಹಾಕಿ ಗಿಣ್ಣ ಮಾಡತೇವಿ. ಓಣಿಗೆಲ್ಲಾ ಹಂಚತೇವಿ."

"ಹಾಗಾದರೆ ಇದನ್ನು ಮಾತ್ರ ಏಕೆ ಚೆಲ್ಲಬೇಕು?"

ಅತ್ತೆ ಬಗ್ಗಿ ಆ ಹನಿಗಳನ್ನು ಮತ್ತೊಮ್ಮೆ ನೋಡಿದರು. "ಖರೇ ಐತ್ರಿ ನೀವು ಹೇಳೂದು. ಆದ್ರ ಇಷ್ಟರಾಗ ಓಣಿಗೆಲ್ಲಾ ಎಲ್ಲಿ ಸಾಲತೈತಿ?"

ಗಂಟೆ

ಮೂರು ತಾಸಿಗೊಮ್ಮೆ ಹಾಲೂಡಿಸಬೇಕು, ನಡುವೆ ಇಲ್ಲ. ಇದು ನನ್ನ ಕಾಲದ ತರಬೇತಿ. ಅದಕ್ಕೆಂದೇ ವಾರ್ಡಿನಲ್ಲಿ ಹಿತ್ತಾಳೆಯ ಗಂಟೆಯೊಂದನ್ನು ಇಡಿಸಿದ್ದೆ. ಎರಡನೇ ದಿನ ಒಂಬತ್ತಕ್ಕೆ ಸರಿಯಾಗಿ ಹೊಡೆದೆ. ಉಳಿದ ಏಳು ಮಂಚಗಳ ಏಳು ಕೂಸುಗಳೂ ಬೆಚ್ಚಿ ಕಿರುಚಿಕೊಂಡವು. ಮೂರನೇ ಮಂಚದ್ದು ಮಾತ್ರ ಹಾಯಾಗಿ ಮಲಗಿತ್ತು. ಒಂಬತ್ತೂವರೆಗೆ ಅದು ಎದ್ದು ಅಳತೊಡಗಿತು. ನಾನು ಗಡಿಯಾರ ತೋರಿಸಿ, "ಇನ್ನು ಹನ್ನೆರಡಕ್ಕೆ," ಎಂದೆ.

ಹುಡುಗಿಯ ಅಜ್ಜಿ ಮಂಚದ ಕೆಳಗೆ ಕೂತು ಎಲೆ ಅಡಿಕೆ ಕುಟ್ಟುತ್ತಿದ್ದಳು. ಮುನವಳ್ಳಿಯಿಂದ ಬಾಣಂತಿಯ ಆರೈಕೆಗೆ ಬಂದವಳು. ಕುಟ್ಟುವುದನ್ನು ನಿಲ್ಲಿಸಿ ಕೇಳಿದಳು: "ಬಾಯಾರ, ನಿನ್ನೆ ಹುಟ್ಟಿದ ಕೂಸಿಗೆ ಗಡಿಯಾರ ನೋಡಾಕ ಯಾರು ಕಲಿಸ್ಯಾರ್ರಿ?"

ನಾನು ಗಂಟೆಯನ್ನು ಒರೆಸತೊಡಗಿದೆ. ಮೇಟ್ರನ್ ಆದವಳು ಎಲ್ಲದಕ್ಕೂ ಉತ್ತರಿಸುತ್ತ ಕೂರಬಾರದು.

ತಕ್ಕಡಿ

ಹುಡುಗಿಯ ಗಂಡನದು ಬೈಲಹೊಂಗಲದ ಪೇಟೆಯಲ್ಲಿ ಹತ್ತಿ, ಅರಳೆಯ ವ್ಯಾಪಾರ. ಹೆಂಡತಿ ಅಳುವುದನ್ನು ನೋಡಲಾರದೆ ಮೂರನೇ ದಿನ ಅಂಗಡಿಯಿಂದ ತಕ್ಕಡಿಯನ್ನೇ ಹೊತ್ತು ತಂದ. "ಕುಡಿಯೂಕಿಂತ ಮೊದಲ ಒಮ್ಮೆ ತೂಗೂದು, ಕುಡದ ಮ್ಯಾಲೆ ಒಮ್ಮೆ ತೂಗೂದು. ಎಷ್ಟು ಹಾಲು ಅಂತ ಗೊತ್ತಾಗೇ ಬಿಡತೈತ್ರಿ."

ವಿಚಾರ ಶಾಸ್ತ್ರೀಯವಾಗಿಯೇ ಇತ್ತು. ತಕ್ಕಡಿಯನ್ನು ಸ್ಪಿರಿಟ್ ಹಚ್ಚಿ ಒರೆಸಿರೆಂದು ಹೇಳಿ ಒಪ್ಪಿಗೆ ಕೊಟ್ಟೆ. ತೂಗಿದರು. ಕೂಸು ಕುಡಿಯಿತು. ಗಂಡ ಅದನ್ನು ಎತ್ತಿಕೊಂಡು ಸ್ವಲ್ಪ ಹೊತ್ತು ಮುದ್ದು ಮಾಡಿ ಮತ್ತೆ ತೂಗಿದ. ತೂಕ ಕಡಿಮೆಯಾಗಿತ್ತು!

ಹುಡುಗಿ ಹೋ ಎಂದು ಅತ್ತಳು. ಗಂಡನ ಮುಖ ಬಿಳಿಚಿತು. "ಕುಡದ ಮ್ಯಾಲೆ ಕಡಿಮಿ ಹೆಂಗ ಆಗತೈತ್ರಿ ಬಾಯಾರ? ನಮ್ಮ ಅರಳಿ ತೊಯ್ದರ ತೂಕ ಹೆಚ್ಚ ಆಗತೈತಿ!"

"ಅರಳೆ ಹೊರಗಿನ ನೀರನ್ನು ಹೀರುತ್ತದೆ," ಎಂದೆ. "ನಿಮ್ಮ ಮಗ ಒಳಗಿನದನ್ನು ಬಿಟ್ಟಿದ್ದಾನೆ. ಉಳಿದ ತೂಕ ನಿಮ್ಮ ಅಂಗಿಯ ಮೇಲಿದೆ, ನೋಡಿಕೊಳ್ಳಿ."

ಬೆಂಚು

ನಾಲ್ಕನೇ ದಿನ ಬೆಳಗ್ಗೆ ಹುಡುಗಿಯ ಎದೆ ತುಂಬಿ ಕಲ್ಲಿನಂತಾಗಿತ್ತು, ಆದರೆ ಹಾಲು ಇಳಿಯಲೊಲ್ಲದು. ಕೂಸು ಚೀರುತ್ತಿತ್ತು. ಎಡಕ್ಕೆ ಅತ್ತೆ, ಡಬ್ಬಿಯನ್ನು ಹೊರಗೆ ತೆಗೆದು ಚಮಚದಿಂದ ಮುಚ್ಚಳ ಮೀಟುತ್ತಿದ್ದರು. ಬಲಕ್ಕೆ ಗಂಡ, ಬೇರೆ ಅಂಗಿಯಲ್ಲಿ. ಕಾಲ ಬಳಿ ನಾನು, ಕೈಗಡಿಯಾರ ನೋಡುತ್ತ: "ಬೆನ್ನು ನೆಟ್ಟಗೆ ಇರಲಿ. ಅಳಬೇಡ. ಗಾಬರಿ ಬೇಡ. ಇನ್ನು ಐದು ನಿಮಿಷ!"

ಡಬ್ಬಿಯ ಮುಚ್ಚಳ ಟಪ್ಪೆಂದು ಬಿಚ್ಚಿತು. ಹುಡುಗಿ ಕಣ್ಣು ಮುಚ್ಚಿಕೊಂಡಳು.

ಅಜ್ಜಿ ಎದ್ದು ನಿಂತಳು. "ಬೀಗರ, ಆ ಡಬ್ಬಿ ತಗೊಂಡು ಹೊರಗ ನಡೀರಿ. ಅಳಿಯಾರ, ನೀವೂ." ಆಮೇಲೆ ನನ್ನತ್ತ ತಿರುಗಿದಳು. "ಬಾಯಾರ, ದನದ ಡಾಕ್ಟರ್ ಬಿಳಿ ಅರಿವಿ ಹಾಕ್ಕೊಂಡು ಮುಂದ ನಿಂತರ ನಮ್ಮ ಎಮ್ಮಿ ಸುದ್ದಾ ಹಾಲು ಇಳಸೂದಿಲ್ರಿ. ಇದು ಹೆಣ್ಣಮಗಳು. ನೀವೂ ನಡೀರಿ."

ನನ್ನ ವಾರ್ಡಿನಿಂದ ನಾನೇ ಹೊರಗೆ! ಅಜ್ಜಿ ಬಾಗಿಲು ಮುಚ್ಚಿ ಒಳಗೆ ಅದರ ಪಕ್ಕದಲ್ಲೇ ಕೂತಳು. ನಾವು ಮೂವರು ಬಾಗಿಲ ಹೊರಗಿನ ಬೆಂಚಿನ ಮೇಲೆ ಸಾಲಾಗಿ ಕೂತೆವು.

ರೌಂಡ್ಸಿಗೆ ಬಂದ ಡಾಕ್ಟರು ಬೆರಗಾದರು. "ಮೇಟ್ರನ್, ನೀವು ಹೊರಗೇಕೆ?"

"ವಾರ್ಡಿನಲ್ಲಿ ಶಿಸ್ತು ಇರಬೇಕೆಂದು," ಎಂದೆ.

ಅವರು ಬಾಗಿಲು ತಳ್ಳಿ ಒಳಗೆ ತಲೆ ಹಾಕಿದರು. ಅಜ್ಜಿ ಏನೋ ಗದರಿದ್ದು ಕೇಳಿಸಿತು; ಕೂಡಲೇ ತಲೆಯನ್ನು ಹೊರಗೆ ತೆಗೆದು ನನ್ನ ಪಕ್ಕದಲ್ಲಿ ಕೂತರು.

ಸ್ವಲ್ಪ ಹೊತ್ತಿನಲ್ಲಿ ಒಳಗಿನ ಚೀರಾಟ ನಿಂತಿತು. ಗುಟುಕು ಗುಟುಕಾಗಿ ನುಂಗುವ ಸದ್ದು ಬೆಂಚಿನವರೆಗೂ ಕೇಳಿಸಿತು. ಆಮೇಲೆ ಹುಡುಗಿ ನಗುವುದು ಕೇಳಿಸಿತು, ನಾಲ್ಕು ದಿನಗಳಲ್ಲಿ ಮೊದಲ ಸಲ. ಗಂಡ ಕಣ್ಣೊರೆಸಿಕೊಂಡ. ಅತ್ತೆ ಮಾತ್ರ ತೊಡೆಯ ಮೇಲಿನ ಡಬ್ಬಿಯನ್ನೇ ನೋಡುತ್ತಿದ್ದರು.

"ಡಬ್ಬಿ ಬಾಯಿ ಬಿಚ್ಚೇ ಬಿಟ್ಟೇನಲ್ರಿ. ಹಾಳ ಆಗಬಾರದು," ಎಂದವರು ಎದುರಿನ ಅಂಗಡಿಯಿಂದ ಕರಿ ಚಹಾ ತರಿಸಿ, ಒಬ್ಬೊಬ್ಬರಿಗೂ ಎರಡೆರಡು ಚಮಚ ಪುಡಿ ಕಲಸಿ ಕೊಟ್ಟರು. ಡಾಕ್ಟರೂ ಕುಡಿದರು. ನಾನೂ ಕುಡಿದೆ, ಬೆನ್ನು ನೆಟ್ಟಗಿಟ್ಟುಕೊಂಡು.

ಚಹಾ ಮುಗಿಸಿ ಎದ್ದು ಬಾಗಿಲಿಗೆ ಕೈ ಹಾಕಿದೆ. ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಬಾಗಿಲ ಮೇಲಿನ ನನ್ನ ಫಲಕವನ್ನು ನಾನೇ ಅವಳಿಗೆ ದಿನಕ್ಕೆರಡು ಬಾರಿ ಓದಿ ಹೇಳಿದ್ದೆ. ಅವಳು ಒಂದಿಷ್ಟೇ ಬಾಗಿಲು ಸರಿಸಿ, ನನ್ನದೇ ಧ್ವನಿಯಲ್ಲಿ, ಒಂದಕ್ಷರ ತಪ್ಪದೆ ಒಪ್ಪಿಸಿದಳು:

"ಭೇಟಿಯ ಸಮಯ ಸಂಜೆ ನಾಲ್ಕರಿಂದ ಐದು. ದಯವಿಟ್ಟು ಸಹಕರಿಸಿ."