ಸರ್ಕಾರದ ಪರ ನಮ್ಮ ಮಾವ

ನ್ಯೂಜಿಲೆಂಡ್ ಸರ್ಕಾರಕ್ಕೆ ತನಗೇ ಗೊತ್ತಿಲ್ಲದ ಒಬ್ಬ ಅಡ್ವೊಕೇಟ್ ಜನರಲ್ ಇದ್ದಾರೆ. ಸಂಬಳವಿಲ್ಲ, ಕಚೇರಿಯಿಲ್ಲ. ಆಕ್ಲೆಂಡಿನ ನಮ್ಮ ಮನೆಯ ಸೋಫಾ ಮೇಲೆ ಕೂತೇ ಸರ್ಕಾರದ ಮಾನ ಕಾಯುತ್ತಾರೆ. ಅವರು ನನ್ನ ಸೋದರಮಾವ!

ಬೆಂಗಳೂರಿನಲ್ಲಿ ಮಾವ ರಾಜ್ಯದ ಅಡ್ವೊಕೇಟ್ ಜನರಲ್ ಕಚೇರಿಯಲ್ಲಿ ಸರ್ಕಾರಿ ವಕೀಲರಾಗಿದ್ದರು. ಸರ್ಕಾರದ ಮೇಲೆ ಯಾರೇ ಕೇಸು ಹಾಕಲಿ, ಸರ್ಕಾರ ಮಾಡಿದ್ದೇ ಸರಿ ಎಂದು ವಾದಿಸುವುದು ಅಲ್ಲಿಯ ಕೆಲಸ. ನಿವೃತ್ತರಾಗಿ, ನಮ್ಮಿಂದ ಎರಡು ಬೀದಿ ಆಚೆಯಿರುವ ಮಗನ ಮನೆಗೆ ಬಂದು ನೆಲೆಸಿದರು. ಊಟ ಅಲ್ಲಿ, ಕೋರ್ಟು ನಮ್ಮಲ್ಲಿ. ದೇಶ ಬದಲಾದರೂ ಚಾಳಿ ಹೋಗಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ!

ಅವರ ಇತ್ತೀಚಿನ ಕಾರ್ಯಕಲಾಪ ಕೇಳಿ. ಮೋಟರ್‌ವೇಯಲ್ಲಿ ಕಾರು ಜೋರಾಗಿ ಓಡಿಸಿದ್ದಕ್ಕೆ ನಮ್ಮ ಯಜಮಾನರಿಗೆ ದಂಡದ ಚೀಟಿ ಬಂತು. ಸಮಾಧಾನ ಹೇಳುವುದು ಬಿಟ್ಟು ಮಾವ ಪೊಲೀಸರ ಪರ ವಾದ ಮಂಡಿಸಿ, ನಮ್ಮವರ ಬಾಯಿಂದಲೇ ತಪ್ಪೊಪ್ಪಿಗೆ ಪಡೆದು, ಆಮೇಲೆ ಕಾಫಿ ಕುಡಿದರು. ಮೂಲೆಯ ಡೇರಿ ಅಂಗಡಿಗೆ ಹಾಲು ತರಲು ಹೋದವರು, ತೆರಿಗೆ ಜಾಸ್ತಿ ಎಂದು ಗೊಣಗಿದ ಅಂಗಡಿಯವನಿಗೆ ಸರ್ಕಾರದ ಕಷ್ಟ ಬಿಡಿಸಿ ಹೇಳಿ, ಹಾಲು ಮರೆತು ಬಂದರು. ಇಂಥವರನ್ನು ಕಟ್ಟಿಕೊಂಡು ಏನು ಮಾಡೋಣ ಹೇಳಿ!

ಅಮ್ಮನ ವಿಷಯ ಬರುವ ತನಕ ನಗುತ್ತಲೇ ಇದ್ದೆವು. ಅಪ್ಪ ತೀರಿಕೊಂಡ ಮೇಲೆ ಅಮ್ಮನನ್ನು ಮೈಸೂರಿನಿಂದ ಕರೆಸಿಕೊಂಡು, ಕಾಯಂ ಆಗಿ ಇಲ್ಲೇ ಇರಲು ಅರ್ಜಿ ಹಾಕಿದ್ದೆವು. ಸಂದರ್ಶನಕ್ಕೆ ಮನುಕಾವ್‌ನ ವಲಸೆ ಕಚೇರಿಗೆ ಬನ್ನಿ ಎಂದು ಕರೆ ಬಂತು. ಅಧಿಕಾರಿ ಒಪ್ಪದಿದ್ದರೆ ಅಮ್ಮ ವಾಪಸ್ಸು ಹೋಗಬೇಕು. ಹೋಗುವುದೆಲ್ಲಿಗೆ? ಬಾಡಿಗೆ ಮನೆಯನ್ನೂ ಬಿಟ್ಟು ಬಂದಿದ್ದಳು. ನನಗೆ ಅನ್ನ ಸೇರದಾಯಿತು.

ತಾನೇ ತಯಾರಿ ಮಾಡಿಸುತ್ತೇನೆ ಎಂದರು ಮಾವ. ಮಾಡಿಸಿದ್ದೇನು? ಊಟದ ಮೇಜಿನ ಆಚೆ ಕೂತು, ಒಡಹುಟ್ಟಿದ ತಂಗಿಯನ್ನು ‘ನೀವು’ ಎಂದು ಕರೆದು, ಪಾಟೀಸವಾಲು! ಏಕೆ ಬಂದಿರಿ, ಏಕೆ ಹೋಗುವುದಿಲ್ಲ, ಈ ದೇಶಕ್ಕೆ ನಿಮ್ಮಿಂದೇನು ಉಪಯೋಗ? ಕೊನೆಗೆ, ಊರಲ್ಲಿ ನಿಮಗೆ ಯಾರೂ ಇಲ್ಲವೇ? ಅಲ್ಲಿಗೆ ಬಂದರೆ ಸಾಕು, ಅಮ್ಮ ಸೆರಗು ಬಾಯಿಗೊತ್ತಿಕೊಂಡು ಎದ್ದುಬಿಡುತ್ತಿದ್ದಳು. ಇವರು ತಯಾರಿ ಮಾಡಿಸುತ್ತಿದ್ದಾರೋ, ಗಡೀಪಾರು ಮಾಡಿಸುತ್ತಿದ್ದಾರೋ? ನನಗೆ ಮೈಯೆಲ್ಲ ಉರಿಯಿತು.

“ಸ್ವಲ್ಪ ಮೆತ್ತಗೆ ಕೇಳಬಾರ್ದಾ ಮಾವ?” ಅಂದೆ.

“ಸರ್ಕಾರ ಮೆತ್ತಗೆ ಕೇಳಲ್ಲಮ್ಮ,” ಅಂದರು.

ಸಂದರ್ಶನದ ದಿನ ಮಾವನೂ ಹೊರಟರು. ಬೇಡ ಎಂದರೆ ಕೇಳಬೇಕಲ್ಲ! ಅಧಿಕಾರಿ ಇಲ್ಲಿಯವಳೇ, ನ್ಯೂಜಿಲೆಂಡಿನ ಹೆಂಗಸು. ಭಾಷಾಂತರಕ್ಕೆ ಒಬ್ಬ ಕನ್ನಡದ ಹುಡುಗಿಯನ್ನು ಕರೆಸಿದ್ದಳು. ಅಮ್ಮನೂ ನಾನೂ ಮೇಜಿನ ಈಚೆ ಕೂತೆವು. ಮಾವ? ಕುರ್ಚಿ ಎಳೆದುಕೊಂಡು ಸೀದಾ ಅಧಿಕಾರಿಯ ಪಕ್ಕಕ್ಕೆ ಹೋಗಿ ಕೂತರು! ಇಡೀ ಜನ್ಮ ಕೂತ ಕಡೆ ಅದೇ ತಾನೆ? ಆಕೆ ಒಂದು ಕ್ಷಣ ಬೆಚ್ಚಿ, ಆಮೇಲೆ ವಯಸ್ಸಾದವರು ಎಂದು ಸುಮ್ಮನಾದಳು.

ಪ್ರಶ್ನೆಗಳು ಶುರುವಾದವು. ಅವೇ ಪ್ರಶ್ನೆಗಳು! ಅಮ್ಮ ಒಂದೊಂದಕ್ಕೂ ಉತ್ತರ ಕೊಟ್ಟಳು. ಕೊನೆಗೆ ಅದೂ ಬಂತು. ಊರಲ್ಲಿ ನಿಮಗೆ ಯಾರೂ ಇಲ್ಲವೇ? ಈ ಸಲ ಅಮ್ಮ ಏಳಲಿಲ್ಲ.

“ಇರೋನು ಒಬ್ಬ ಅಣ್ಣ ಕಣಮ್ಮ,” ಎಂದು ಆ ಹುಡುಗಿಗೆ ಹೇಳಿದಳು. “ಅವನೂ ಇಲ್ಲೇ ಇದಾನೆ. ಆದ್ರೆ ಸರ್ಕಾರದ ಪರ ಇದಾನೆ.”

ಹುಡುಗಿ ತಡವರಿಸಿ, ಇದ್ದದ್ದನ್ನು ಇದ್ದಹಾಗೆ ಇಂಗ್ಲಿಷಿಗೆ ತಿರುಗಿಸಿದಳು. ಅಧಿಕಾರಿ ಪಕ್ಕಕ್ಕೆ ತಿರುಗಿ ನೋಡಿದಳು. ಮಾವ ಎದ್ದು ನಿಂತರು. ಮುಗೀತು, ಇನ್ನು ವಾದ ಮಂಡಿಸುತ್ತಾರೆ, ಅಮ್ಮನನ್ನು ವಿಮಾನ ಹತ್ತಿಸಿಯೇ ಬಿಡುತ್ತಾರೆ ಅಂದುಕೊಂಡೆ.

ಮಾವ ಕುರ್ಚಿ ಎತ್ತಿಕೊಂಡರು. ಮೇಜನ್ನು ಬಳಸಿ ಬಂದು, ಅಮ್ಮನ ಪಕ್ಕ ಹಾಕಿ ಕೂತರು. ನೀವು ಇವರಿಗೆ ಏನಾಗಬೇಕು ಎಂದು ಅಧಿಕಾರಿ ಕೇಳಿದಳು. ಹೈಕೋರ್ಟಿನಲ್ಲಿ ತಡವರಿಸದ ಮಾವ ತಂಗಿಯ ಕೈ ಹಿಡಿದುಕೊಂಡರು. ಅರ್ಜಿಗೆ ಒಪ್ಪಿಗೆ ಸಿಕ್ಕಿದ್ದು ಆಮೇಲಿನ ಮಾತು. ಆ ಗಳಿಗೆಯಲ್ಲಿ ಮಾತ್ರ ಅವರು ಮಗುವಿನ ಹಾಗೆ ಅಳುತ್ತಿದ್ದರು. ಅಮ್ಮ ತನ್ನ ಸೆರಗಿನಿಂದ ಅವರ ಕಣ್ಣೊರೆಸಿ ಮೆಲ್ಲಗೆ ಹೇಳಿದಳು:

“ಅಳ್ಬೇಡ ಅಣ್ಣ, ಸರ್ಕಾರದವ್ರು ನೋಡ್ತಿದಾರೆ.”