ಎರಡು ಕೈಯ ಶರಣಮ್ಮನೂ ನನ್ನ ದುಂಡು ಅಕ್ಷರವೂ

ನನಗೊಂದು ದುರಭ್ಯಾಸವಿದೆ. ಮೇಲಿನವರು ಯಾರಾದರೂ ತಮಾಷೆ ಮಾಡಿದರೆ ಅದು ಅರ್ಥವಾಗುವ ಮೊದಲೇ ನಕ್ಕುಬಿಡುತ್ತೇನೆ. ಮನೆಯಲ್ಲಿ ಗಂಡ ಜೋಕು ಹೇಳಿದರೆ ಎರಡು ಸಲ ಹೇಳಿಸಿಕೊಂಡು, "ಇದರಲ್ಲಿ ನಗೋದೇನಿದೆ?" ಎಂದು ವಿಚಾರಣೆ ಮಾಡುವ ನಾನು ಕಾರ್ಖಾನೆಯ ಗೇಟು ದಾಟುತ್ತಲೇ ಬಹಳ ಉದಾರಿಯಾಗುತ್ತೇನೆ. ಬೆರಳೊತ್ತಿ ಒಳಗೆ ಹೋಗುವುದು ಸಂಬಳಕ್ಕೆ ಹಾಜರಿ. ಸೂಪರ್‌ವೈಸರ್ ಮಾತಿಗೆ ನಗುವುದು ನೆಮ್ಮದಿಗೆ ಹಾಜರಿ. ಎರಡನ್ನೂ ಇಷ್ಟು ವರ್ಷ ತಪ್ಪಿಸಿಲ್ಲ. ಬಿ.ಎಸ್ಸಿ. ಓದಿದವಳು, ಯಾವುದಕ್ಕೆ ನಗಬೇಕು ಯಾವುದಕ್ಕೆ ನಗಬಾರದು ಎಂದು ಯೋಚಿಸಬಹುದಿತ್ತು. ಆದರೆ ಬೆಳಗಿನ ಶಿಫ್ಟಿಗೆ ಐದೂವರೆಯ ಬಸ್ಸು ಹಿಡಿಯುವವರು ಯೋಚನೆಯನ್ನು ಸಾಮಾನ್ಯವಾಗಿ ಮನೆಯಲ್ಲೇ ಮರೆತು ಬಂದಿರುತ್ತಾರೆ.

ಬೊಮ್ಮಸಂದ್ರದಲ್ಲಿ ನಮ್ಮದು ಬೈಕು ಸ್ಕೂಟರುಗಳಿಗೆ ತಗಡಿನ ಬಿಡಿಭಾಗ ಮಾಡುವ ಕಾರ್ಖಾನೆ. ಪ್ರೆಸ್ ಮಿಷಿನ್ನು ಒಂದು ಸಲ ಢಣ್ ಎಂದು ಕೆಳಗಿಳಿದರೆ ಚಪ್ಪಟೆ ತಗಡು ಸೊಂಟ ಬಗ್ಗಿಸಿಕೊಂಡು ಹೊರಬರುತ್ತದೆ. ನಾನು ಕ್ವಾಲಿಟಿಯವಳು. ಬಂದ ತುಂಡನ್ನು ಅಳತೆಯ ಗೇಜಿಗೆ ಹಾಕಿ, ಕೂದಲೆಳೆಯಷ್ಟು ಸೊಟ್ಟಗಿದ್ದರೂ ಕೆಂಪು ಡಬ್ಬಕ್ಕೆ ಎಸೆಯುವುದು ನನ್ನ ಕೆಲಸ. ಕೆಲಸದ ಜಾಗದಲ್ಲಿ ಒಬ್ಬರನ್ನೊಬ್ಬರು ಪೀಡಿಸುವುದನ್ನು ಗುರುತಿಸುವುದು ಹೇಗೆ ಎಂದು ನಮಗೆ ತರಬೇತಿಯೂ ಆಗಿತ್ತು. ಎರಡು ಗಂಟೆಯ ವಿಡಿಯೋ, ಮಧ್ಯೆ ಸಮೋಸ, ಕೊನೆಗೆ ಹತ್ತು ಪ್ರಶ್ನೆ. ನನಗೆ ಹತ್ತಕ್ಕೆ ಹತ್ತು. ಆದರೆ ವಿಡಿಯೋದಲ್ಲಿ ಗಾಜಿನ ಕೋಣೆಯಿತ್ತು, ಟೈ ಕಟ್ಟಿದವನೊಬ್ಬ ಲ್ಯಾಪ್‌ಟಾಪಿನ ಮುಂದೆ ಕುಳಿತ ಹುಡುಗಿಯ ಮೇಲೆ ಇಂಗ್ಲಿಷಿನಲ್ಲಿ ಕಿರುಚುತ್ತಿದ್ದ. ನಮ್ಮ ಮುನಿರಾಜು ಅವರು ಟೈ ಕಟ್ಟುವುದಿಲ್ಲ. ಕಿರುಚುವುದೂ ಇಲ್ಲ. ತಮಾಷೆ ಮಾಡುತ್ತಾರೆ, ಅಷ್ಟೆ. ಹಾಗಾಗಿ ನಮಗೆ ಅನುಮಾನವೇ ಬರಲಿಲ್ಲ.

ಮುನಿರಾಜು ಪ್ರೆಸ್ ವಿಭಾಗದ ಸೂಪರ್‌ವೈಸರ್. ಇಲ್ಲಿನ ಮೂಲ ಊರಿನವರು. ಅವರಪ್ಪ ರಾಗಿ ಬೆಳೆಯುತ್ತಿದ್ದ ಜಮೀನಿನಲ್ಲಿ ಈಗ ಮೂರು ಸಾಲು ಬಾಡಿಗೆ ಕೋಣೆಗಳಿವೆ. ನಮ್ಮ ಪ್ರೆಸ್ ನಡೆಸುವವರಲ್ಲಿ ಅರ್ಧ ಜನ ಅಲ್ಲೇ ಇರುವುದು. ಹಬ್ಬಕ್ಕೆ ಎಲ್ಲರಿಗೂ ಒಬ್ಬಟ್ಟು ಕಳಿಸುತ್ತಾರೆ, ಸುಳ್ಳು ಹೇಳಬಾರದು. ಆದರೆ ಬೋರ್‌ವೆಲ್ ಮೋಟರಿನ ಸ್ವಿಚ್ಚು ಅವರ ಮನೆಯೊಳಗಿದೆ. ಕಾರ್ಖಾನೆಯಲ್ಲಿ ಎದುರು ಮಾತಾಡಿದವರ ಸಾಲಿಗೆ ಮಾರನೆಯ ಬೆಳಿಗ್ಗೆ ನೀರು ಬರುವುದು ಹೇಗೋ ತಡವಾಗುತ್ತಿತ್ತು. "ಮೋಟ್ರು ಸುಟ್ಟೋಯ್ತು ಕಣ್ರಪ್ಪ, ನಾನೇನ್ ಮಾಡ್ಲಿ?" ಎನ್ನುತ್ತಿದ್ದರು. ನಾವು ಅದಕ್ಕೂ ನಗುತ್ತಿದ್ದೆವು. ಇಷ್ಟು ಸಲ ಸುಟ್ಟು ಇಷ್ಟು ಸಲ ತಾನೇ ರಿಪೇರಿಯಾಗುವ ಮೋಟರು ಲೋಕದಲ್ಲಿ ಇನ್ನೊಂದಿರಲಾರದು.

ಶರಣಮ್ಮ ಬಂದದ್ದು ಲಿಂಗಸುಗೂರಿನ ಕಡೆಯಿಂದ. ನಾಲ್ಕನೆಯ ಮಿಷಿನ್ನಿಗೆ ಹಾಕಿದರು. ಕೋಣೆಯೂ ಮುನಿರಾಜು ಅವರ ಸಾಲಿನಲ್ಲೇ ಸಿಕ್ಕಿತು. ಪ್ರೆಸ್ಸಿಗೆ ಎರಡು ಬದಿಯಲ್ಲಿ ಎರಡು ಹಸಿರು ಬಟನ್ನು. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಮಿಷಿನ್ನು ಇಳಿಯುತ್ತದೆ. ಎರಡು ಕೈಗೂ ಹೊರಗೆ ಕೆಲಸ ಕೊಟ್ಟರೆ ಯಾವ ಕೈಯೂ ಒಳಗಿರುವುದಿಲ್ಲ ಎಂಬ ಲೆಕ್ಕ. ಆದರೆ ನಮ್ಮಲ್ಲಿ ನಡೆಯುತ್ತಿದ್ದ ಪದ್ಧತಿಯೇ ಬೇರೆ. ಎಡಗಡೆಯ ಬಟನ್ನಿಗೆ ಮಡಿಸಿದ ರಟ್ಟಿನ ಚೂರು ತುರುಕಿ, ಅದು ಸದಾ ಒತ್ತಿಕೊಂಡೇ ಇರುವಂತೆ ಮಾಡಿ, ಬಲಗೈಯೊಂದರಲ್ಲೇ ಮಿಷಿನ್ನು ನಡೆಸುವುದು. ಎಡಗೈ ತಗಡು ಜೋಡಿಸಲು ಬಿಡುವಾಗುತ್ತದೆ, ಕೆಲಸ ಓಡುತ್ತದೆ. ಎಲ್ಲರೂ ಹಾಗೆಯೇ ಮಾಡುತ್ತಿದ್ದರು. ಶರಣಮ್ಮ ಬಂದ ದಿನವೇ ರಟ್ಟನ್ನು ಕಿತ್ತು ಕಸದ ಬುಟ್ಟಿಗೆ ಹಾಕಿದಳು.

"ಏನಮ್ಮಾ, ಮಿಸಿನ್‌ಗೆ ಮಂಗ್ಳಾರ್ತಿ ಎತ್ತಂಗದೆ? ಇಂಗ್ ಮಾಡುದ್ರೆ ಟಾರ್ಗೆಟ್ ಎಂಗಾಯ್ತದೆ?" ಎಂದರು ಮುನಿರಾಜು.

"ಎರಡ ಬಟನ್ ಕೊಟ್ಟಾರಂದ್ರ ಎರಡೂ ಕೈಲೇ ಒತ್ತಬೇಕಲ್ರೀ ಸಾರ್. ಮಿಷಿನ್ ಕಂಪನೀದೈತಿ. ಕೈ ನಮ್ಮವು ಅದಾವ್ರಿ."

ಇಂಥ ಉತ್ತರಕ್ಕೆ ನಗಬೇಕಾದದ್ದು ಆಗ. ಯಾರೂ ನಗಲಿಲ್ಲ. ಮಾರನೆಯ ದಿನ ಬೆಳಗಿನ ಐದು ನಿಮಿಷದ ಮೀಟಿಂಗಿನಲ್ಲಿ, ಸುರಕ್ಷತೆಯ ಪ್ರತಿಜ್ಞೆ ಮುಗಿದ ಮೇಲೆ, ಮುನಿರಾಜು ಶರಣಮ್ಮನನ್ನು ಮುಂದೆ ಕರೆದು ನಿಲ್ಲಿಸಿದರು. "ಮಿಸಿನ್ ಪೂಜಾರಮ್ಮ ಬಂದವ್ರೆ. ಎಲ್ರೂ ಅಮ್ನೋರಿಗೆ ಕೈ ಮುಗೀರಪ್ಪ." ಎಲ್ಲರೂ ಮುಗಿದರು. ನಾನೂ ಮುಗಿದೆ, ಗೇಜನ್ನು ಎರಡು ಅಂಗೈಗಳ ನಡುವೆ ಹೂವಿನಂತೆ ಹಿಡಿದುಕೊಂಡು. ಆಮೇಲೆ ಇದು ದಿನದ ನೇಮವಾಯಿತು. ಟೀ ಹೊತ್ತಿನಲ್ಲಿ ಅವಳನ್ನು ಮಿಷಿನ್ನಿನ ಬಳಿಯೇ ನಿಲ್ಲಿಸುತ್ತಿದ್ದರು: "ಪೂಜೆ ಮುಗೀಲಿ, ಆಮ್ಯಾಕೆ ಪ್ರಸಾದ." ಅವಳು ತಲೆ ತಗ್ಗಿಸಿ ಎರಡು ಕೈಯಲ್ಲೂ ಬಟನ್ನು ಒತ್ತುತ್ತಲೇ ಇದ್ದಳು. ನಾನು ಟೀ ಕುಡಿಯುತ್ತಿದ್ದೆ. ಟೀ ಚೆನ್ನಾಗಿರುತ್ತಿತ್ತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ, ಆದರೆ ಚೆನ್ನಾಗಿಯೇ ಇರುತ್ತಿತ್ತು.

ಎರಡು ತಿಂಗಳ ಹಿಂದೆ ಒಂದು ಬೆಳಿಗ್ಗೆ ಶರಣಮ್ಮ ತಗಡು ತರಲು ಸ್ಟೋರಿಗೆ ಹೋಗಿದ್ದಳು. ಮುನಿರಾಜು ಅವಳ ಮಿಷಿನ್ನಿನ ಹತ್ತಿರ ಬಂದು ಜೇಬಿನಿಂದ ರಟ್ಟಿನ ಚೂರು ತೆಗೆದು ಎಡಗಡೆಯ ಬಟನ್ನಿಗೆ ತುರುಕಿದರು. ಪಕ್ಕದ ಮೇಜಿನಲ್ಲಿದ್ದ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ನಾನು ನಕ್ಕೆ. ಅಭ್ಯಾಸ, ಬೇರೇನೂ ಅಲ್ಲ. ಅದೇ ಹೊತ್ತಿಗೆ ಶರಣಮ್ಮ ವಾಪಸು ಬಂದಳು, ನನ್ನ ಮುಖ ನೋಡಿ ತಾನೂ ಸ್ವಲ್ಪ ನಕ್ಕಳು, ಕೆಲಸಕ್ಕೆ ನಿಂತಳು. ಅವಳ ಕ್ರಮ ನನಗೆ ಗೊತ್ತಿತ್ತು: ಎಡಗೈಯಿಂದ ತಗಡು ಸರಿಪಡಿಸುತ್ತಿರುವಾಗಲೇ ಬಲಗೈಯಲ್ಲಿ ಬಟನ್ನು ಒತ್ತಿ ಹಿಡಿದು, ಕೊನೆಗೆ ಎಡಗೈ ತಂದು ಇನ್ನೊಂದನ್ನು ಒತ್ತುವುದು. ಗೊತ್ತಿತ್ತು ಎನ್ನುವುದೇ ಈಗಿನ ಸಂಕಟ. ಬಾಯಿ ತೆರೆದು "ಶರಣಮ್ಮಾ" ಎನ್ನಲು ಎಷ್ಟು ಹೊತ್ತು ಬೇಕು? ಅಷ್ಟು ಹೊತ್ತು ಇತ್ತು.

ಢಣ್ ಎಂದಿತು.

ಅವಳು ಕೈ ಎಳೆದುಕೊಂಡು ನೋಡುತ್ತ ನಿಂತಳು. ಗ್ಲೌಸಿನ ಮೂರು ಬೆರಳಿನ ತುದಿಗಳಿರಲಿಲ್ಲ. ಒಳಗಿನ ಬೆರಳುಗಳು ಇದ್ದವು. ನಮ್ಮಲ್ಲಿ ಹೆಂಗಸರಿಗೂ ಗಂಡಸರ ಅಳತೆಯ ಗ್ಲೌಸನ್ನೇ ಕೊಡುತ್ತಾರೆ. ದೊಡ್ಡದಾಗುತ್ತದೆ ಎಂದು ಅವಳು ಹಿಂದೆ ಎರಡು ಸಲ ದೂರು ಕೊಟ್ಟಿದ್ದಳು, ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಕಂಪನಿಯ ಆತುರ ತೆಗೆದುಕೊಳ್ಳಲು ಹೋದ ಬೆರಳುಗಳನ್ನು ಕಂಪನಿಯ ಸೋಮಾರಿತನ ಉಳಿಸಿತು. ಮುನಿರಾಜು ಅವರ ಮುಖ ಸುಣ್ಣದಂತಾಗಿತ್ತು. ರಟ್ಟನ್ನು ಕಿತ್ತು ಜೇಬಿಗೆ ಸೇರಿಸಿದ ಮೇಲೆ ಮುಖಕ್ಕೆ ಬಣ್ಣ ಬಂತು. "ಏನೂ ಆಗ್ಲಿಲ್ವಲ್ಲ? ಗ್ಲೌಸ್ ತಾನೆ ವೋಗಿದ್ದು? ಬುಡಿ, ಬುಡಿ."

ಇಲ್ಲಿ ನನ್ನ ಅಕ್ಷರದ ವಿಷಯ ಹೇಳಬೇಕು. ನನ್ನದು ದುಂಡು ಅಕ್ಷರ. ನಮ್ಮ ಶಿಫ್ಟಿನಲ್ಲಿ ಯಾರು ತಪ್ಪು ಮಾಡಿದರೂ ಕೊಡಬೇಕಾದ ಎಕ್ಸ್‌ಪ್ಲನೇಷನ್ ಪತ್ರ ಬರೆಯುವುದು ನಾನೇ. ಅವರು ಸಹಿ ಮಾಡುತ್ತಾರೆ. "ಮೇಡಂ ಬರ್ದ್ರೆ ಮದ್ವೆ ಕಾರ್ಡ್ ಇದ್ದಂಗಿರ್ತದೆ" ಎಂದು ಮುನಿರಾಜು ಹೊಗಳಿದ್ದನ್ನು ನಾನು ಮನೆಗೆ ಹೋಗಿ ಗಂಡನಿಗೂ ಹೇಳಿದ್ದೆ. ಯಾರ ತಪ್ಪನ್ನು ಯಾರ ಹೆಸರಿನಲ್ಲಿ ಬರೆಯುತ್ತಿದ್ದೇನೆ ಎಂದು ಕೇಳಿದವಳಲ್ಲ. ಅಲ್ಪಪ್ರಾಣ ಮಹಾಪ್ರಾಣ ಮಾತ್ರ ನೋಡುತ್ತಿದ್ದೆ. ಅಂದೂ ಮುನಿರಾಜು ಕಾಗದ ತಂದಿಟ್ಟು, "ಅವ್ಳ ಅಜಾಗ್ರೂಕತೆಯಿಂದ ಆಯ್ತು ಅಂತ ಬರ್ದ್ಬುಡಿ ಮೇಡಂ" ಎಂದು ಹೇಳಿ ಹೋದರು. ಶರಣಮ್ಮ ನನ್ನೆದುರು ಕುಳಿತಳು. ನನ್ನ ಕೈ ತಾನಾಗಿ ಓಡಿತು: "ಮಾನ್ಯರೇ, ನನ್ನ ಅಜಾಗರೂಕತೆಯಿಂದ..." ಅವಳು ತುದಿಯಿಲ್ಲದ ಗ್ಲೌಸಿನ ಕೈಯನ್ನು ಕಾಗದದ ಮೇಲಿಟ್ಟಳು.

"ಅಕ್ಕಾರ, ರಟ್ಟು ನಾ ಇಟ್ಟಿದ್ದಿಲ್ರಿ."

"ಗೊತ್ತು."

"ಇದಕ್ಕ ಸಹಿ ಮಾಡಿದ್ರ ನಾಳೆ ನನ್ನ ತೆಗಿತಾರ. ಮಾಡದಿದ್ರ ನೀರು ಬಿಡಂಗಿಲ್ಲ. ಯಾವುದಾರ ಒಂದು ಹೇಳ್ರಿ."

ನಾನು ಕಾಗದ ಹರಿದು ಹೊಸದೊಂದನ್ನು ತೆಗೆದುಕೊಂಡೆ. ಅವಳ ಹೆಸರಿನಲ್ಲಲ್ಲ, ನನ್ನ ಹೆಸರಿನಲ್ಲಿ ಬರೆದೆ. ರಟ್ಟು ಇಟ್ಟವರು ಯಾರು, ತೆಗೆದವರು ಯಾರು, ಟೀ ಇಲ್ಲದ ದಿನಗಳು, ಕೈ ಮುಗಿಸಿದ್ದು, ಎಲ್ಲ. ಅಕ್ಷರ ಕಾಗೆ ಕಾಲಿನಂತಾಗಿತ್ತು. ಅದನ್ನು ಎಚ್.ಆರ್.ಗೆ ಒಯ್ದು ಕೊಟ್ಟೆ. ಅಲ್ಲಿನ ಹುಡುಗಿ ವೈಟ್‌ಫೀಲ್ಡಿನಿಂದ ಎರಡು ಗಂಟೆ ಕ್ಯಾಬಿನಲ್ಲಿ ಕುಳಿತು ಬರುವವಳು, ನನಗಿಂತ ದಣಿದಿದ್ದಳು. ಪೂರ್ತಿ ಓದಿ, "ಮೇಡಂ, ಇದನ್ನ ಇಂಗ್ಲಿಷಲ್ಲಿ ಕೊಡೋಕಾಗುತ್ತಾ? ಫಾರ್ಮ್ಯಾಟ್ ಇದೆ" ಎಂದಳು. ಕೊಟ್ಟೆ.

ವಿಚಾರಣೆ ನಡೆಯಿತು. ಮುನಿರಾಜು ಪ್ಯಾಕಿಂಗ್ ವಿಭಾಗಕ್ಕೆ ಹೋದರು. ಅಲ್ಲಿ ಫ್ಯಾನು ಜಾಸ್ತಿಯಂತೆ. ಎಲ್ಲ ಪ್ರೆಸ್ಸುಗಳಿಂದಲೂ ರಟ್ಟು ಕಿತ್ತು, ಮತ್ತೆ ತುರುಕದಂತೆ ಬಟನ್ನುಗಳ ಸುತ್ತ ಕಬ್ಬಿಣದ ಬಳೆ ಹಾಕಿದರು. ಎಲ್ಲರ ಕೆಲಸವೂ ನಿಧಾನವಾಯಿತು. "ನಿಮ್ಮಿಂದ್ಲೇ ಮೇಡಂ" ಎಂದು ಎಲ್ಲರೂ ನನ್ನನ್ನೇ ಬೈಯುತ್ತಾರೆ. ಶರಣಮ್ಮನ ಸಾಲಿನ ಮೋಟರು ಮತ್ತೆ ಸುಟ್ಟಿತು. ಅವಳು ಅತ್ತಿಬೆಲೆಯಲ್ಲಿ ಕೋಣೆ ಹಿಡಿದು ಬಸ್ಸಿನಲ್ಲಿ ಬರುತ್ತಾಳೆ, ಟೀ ಹೊತ್ತಿಗೆ ಎಲ್ಲರಿಗಿಂತ ಮೊದಲು ಸಾಲಿನಲ್ಲಿ ನಿಲ್ಲುತ್ತಾಳೆ. ನನಗೆ ಮಾತ್ರ ಮನೆಯಲ್ಲಿ ಮಿಕ್ಸಿಯ ಮುಚ್ಚಳ ಒತ್ತುವಾಗ ಎಡಗೈ ತಾನಾಗಿ ಹಿಂದಕ್ಕೆ ಸರಿಯುತ್ತದೆ. ಹುರುಳಿಕಾಯಿ ಹೆಚ್ಚುತ್ತ ಮುನಿರಾಜು ಅವರಿಗೆ ಅಂದು ಹೇಳಬೇಕಾಗಿದ್ದ ಮಾತುಗಳನ್ನೆಲ್ಲ ಬಹಳ ಧೈರ್ಯವಾಗಿ ಹೇಳುತ್ತೇನೆ. ಗಂಡ ಹಜಾರದಿಂದ, "ತರಕಾರಿಯವನು ಹೋಗಿ ಅರ್ಧ ಗಂಟೆಯಾಯ್ತು ಕಣೇ" ಎನ್ನುತ್ತಾರೆ.

ಕಳೆದ ವಾರ ವಿಚಾರಣೆಯ ಕಡತದಲ್ಲಿ ಉಳಿದ ಒಂದೇ ಪ್ರಶ್ನೆಯನ್ನು ಎಚ್.ಆರ್. ಹುಡುಗಿ ನನಗೆ ಕಳಿಸಿದಳು. ರಟ್ಟು ಇಟ್ಟದ್ದನ್ನು ನೀವು ಕಣ್ಣಾರೆ ಕಂಡಿದ್ದೀರಿ. ಆಪರೇಟರಿಗೆ ಯಾಕೆ ಎಚ್ಚರಿಕೆ ಕೊಡಲಿಲ್ಲ? ಎಕ್ಸ್‌ಪ್ಲನೇಷನ್ ಕೊಡಿ. ಬೇರೆಯವರ ಪತ್ರವಾದರೆ ಹತ್ತು ನಿಮಿಷ ಸಾಕಾಗುತ್ತಿತ್ತು. ನನ್ನದು ಎಂಟು ದಿನದಿಂದ "ಮಾನ್ಯರೇ" ದಾಟಿಲ್ಲ. ನಿನ್ನೆ ಟೀ ಹೊತ್ತಿನಲ್ಲಿ ಖಾಲಿ ಹಾಳೆ ಮುಂದಿಟ್ಟುಕೊಂಡು ಕುಳಿತಿದ್ದೆ. ಶರಣಮ್ಮ ಎರಡು ಲೋಟ ಟೀ ತಂದು ಒಂದನ್ನು ನನ್ನ ಮುಂದಿಟ್ಟಳು. ಹಾಳೆ ನೋಡಿದಳು, ನನ್ನನ್ನು ನೋಡಿದಳು.

"ತ್ರಾಸ ಆಗಾಕತ್ತಿದ್ರ ಕೊಡ್ರಿ ಅಕ್ಕಾರ, ನಾ ಬರದು ಕೊಡ್ತೀನಿ. ನೀವು ಸಹಿ ಮಾಡೀರಂತ."

ಬೇಡಮ್ಮ, ನಾನೇ ಬರೀತೀನಿ ಎಂದೆ. ಅವಳ ಅಕ್ಷರ ಹೇಗಿದೆಯೋ ಗೊತ್ತಿಲ್ಲ. ಆದರೆ ಅವಳು ಕಂಡದ್ದನ್ನು ಕಂಡ ಹಾಗೆ ಬರೆದುಬಿಡುತ್ತಾಳೆ.