ಎಡಗಡೆಯ ಹಳಿ

ಗುರುವಾರ ಬೆಳಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ವರ್ಲಿನ್ ಸ್ಟಾಕಿ ತನ್ನ ಗ್ಯಾರೇಜಿನ ನೆಲದ ಮೇಲೆ ಅಂಗಾತ ಮಲಗಿ ಹಿಮಬಂಡಿಯ ಹೊಟ್ಟೆಗೆ ಟಾರ್ಚು ಬಿಟ್ಟ. ಎಡಗಡೆಯ ಹಳಿ ಬಾಗಿತ್ತು.

ಬೆಟ್ಟ ಹತ್ತುವ ಹಿಮಬಂಡಿಗೆ ಮುಂದೆ ಎರಡು ಸ್ಕೀ, ಹಿಂದೆ ಒಂದು ಉದ್ದನೆಯ ರಬ್ಬರ್ ಪಟ್ಟಿ. ಪಟ್ಟಿ ಸುತ್ತುವುದು ಅದರೊಳಗಿರುವ ಎರಡು ಅಲ್ಯೂಮಿನಿಯಂ ಹಳಿಗಳ ಮೇಲೆ. ಸಸ್ಪೆನ್ಷನ್ ಪೂರ್ತಿ ನಿಂತಿರುವುದೂ ಅವುಗಳನ್ನೇ ನಂಬಿ. ಹಿಮದಡಿ ಹೂತ ಮರದ ಬುಡ ಬಡಿದರೆ ಹಳಿ ಬಾಗುತ್ತದೆ. ಭಾನುವಾರ ಬೆಟ್ಟದ ಮೇಲೆ, ಹಿಮ ದಟ್ಟವಾಗಿ ಸುರಿಯುತ್ತಿದ್ದಾಗ, ಟಣ್ ಎಂದದ್ದು ವರ್ಲಿನ್‌ಗೆ ಕೇಳಿಸಿತ್ತು. ಕೇಳಿಸದವನಂತೆ ಮುಂದಕ್ಕೆ ಹೋಗಿದ್ದ. ಆಮೇಲೆ, ವೈದ್ಯರ ವರದಿಯನ್ನು ಬಿಚ್ಚದೆ ಇಟ್ಟುಕೊಂಡವನ ಹಾಗೆ, ಗ್ಯಾರೇಜಿನ ಕಡೆಗೇ ತಲೆ ಹಾಕಿರಲಿಲ್ಲ.

ಇಡಾಹೊ ರಾಜ್ಯದ ಆ ಪುಟ್ಟ ಊರಿನಲ್ಲಿ ಹಳಿ ಬಾಗಿಸುವುದು ಅಪರಾಧವಲ್ಲ, ಅದಕ್ಕಿಂತ ಕೆಟ್ಟದ್ದು. ಬಾಗಿದ ಹಳಿಯ ಮೇಲೆ ಹೆಸರು ಬರೆದು ಮೇವಿಸಳ ಬಾರಿನ ಗೋಡೆಗೆ ಮೊಳೆ ಹೊಡೆಯುತ್ತಾರೆ. ಆ ಹೆಸರಿನವರು ಚಳಿಗಾಲ ಮುಗಿಯುವವರೆಗೆ ಎಲ್ಲರ ಬುತ್ತಿ, ಪೆಟ್ರೋಲ್ ಕ್ಯಾನು ಹೊತ್ತು ಬೆಟ್ಟದ ಸವಾರಿಯ ಸಾಲಿನಲ್ಲಿ ಕೊನೆಗೆ ಬರಬೇಕು. ವರ್ಲಿನ್ ಹನ್ನೊಂದು ಚಳಿಗಾಲದಿಂದ ಸಾಲಿನ ಮುಂದಾಳು. ಊರವರ ಹೆಪ್ಪುಗಟ್ಟಿದ ಕೊಳಾಯಿ ಬಿಚ್ಚುತ್ತ, ತಡವಾಗಿ ಬಂದೆ ಎಂದು ಬೈಸಿಕೊಳ್ಳುತ್ತ ದಿನ ದೂಡುವ ಅವನ ಮಾತನ್ನು ನಾಲ್ಕು ಜನ ಕೇಳುವುದಿದ್ದರೆ ಅದು ಬೆಟ್ಟದ ಮೇಲೆ ಮಾತ್ರ. ಶನಿವಾರ ಮತ್ತೆ ಸವಾರಿ ಇತ್ತು. ಅಷ್ಟರೊಳಗೆ, ಯಾರ ಕಿವಿಗೂ ಬೀಳದಂತೆ, ಹಳಿ ಬದಲಾಗಬೇಕಿತ್ತು.

ಅಷ್ಟರಲ್ಲಿ ಪಕ್ಕದ ಮನೆಯ ಗಾರ್ತ್ ಪೆಟ್ಟಿಬೋನ್ ಕಾಫಿ ಲೋಟ ಹಿಡಿದು ಬಾಗಿಲು ತಟ್ಟದೆ ಒಳಗೆ ಬಂದ. ವರ್ಲಿನ್ ಕೈಗೆ ಸಿಕ್ಕ ಕಂಬಳಿಯನ್ನು ಬಂಡಿಯ ಹಿಂಭಾಗಕ್ಕೆ ಎಸೆದು ಅದರ ಮೇಲೆ ಕೂತ, ಮೊಟ್ಟೆಗೆ ಕಾವು ಕೊಡುವ ಕೋಳಿಯ ಹಾಗೆ.

"ಇಷ್ಟ್ ಬೆಳಗ್ಗೆ ಏನೋ ಮಾಡ್ತಿದೀಯ?"

"ಆಯಿಲ್ ಚೇಂಜ್ ಮಾಡ್ತಿದ್ದೆ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಅದು ಟೂ ಸ್ಟ್ರೋಕ್ ಎಂಜಿನ್. ಅದರಲ್ಲಿ ಆಯಿಲ್ ಪೆಟ್ರೋಲಿನ ಜತೆಗೇ ಉರಿದುಹೋಗುತ್ತದೆ, ಬದಲಿಸಲು ಏನೂ ಉಳಿಯುವುದಿಲ್ಲ. ಇದನ್ನು ಊರಿನ ಮಕ್ಕಳೂ ಬಲ್ಲರು. ಆದರೆ ಗಾರ್ತ್ ನಗಲಿಲ್ಲ. ಒಳ್ಳೇದು, ಆಗಾಗ ಮಾಡ್ತಿರ್ಬೇಕು ಎಂದ. ಒಂದು ದೊಡ್ಡ ಸ್ಪ್ಯಾನರ್ ಬೇಕಾಗಿತ್ತು ಎಂದ. ಯಾಕೆ ಎಂದು ಕೇಳಿದರೆ ತೊಟ್ಟಿಲು ರಿಪೇರಿಗೆ ಎಂದ. ಗಾರ್ತ್‌ನ ಕಿರಿಯ ಮಗಳಿಗೆ ಇಪ್ಪತ್ತಾರು ವರ್ಷ.

ಕಂಪನಿಯ ಹಳಿ ತರಿಸಿದರೆ ಮೂರು ವಾರ. ಹೊರಗಿನವರು ಮಾಡಿದ, ಕಂಪನಿಯದಕ್ಕಿಂತ ದಪ್ಪನೆಯ ಹಳಿಗಳು ಎಪ್ಪತ್ತು ಮೈಲಿ ಆಚೆಯ ಕಣಿವೆಯ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತಿದ್ದವು. ವರ್ಲಿನ್ ಹತ್ತೂವರೆಗೆ ಅಲ್ಲಿದ್ದ. ಕೌಂಟರಿನಲ್ಲಿದ್ದ ಆನ್ಸೆಲ್‌ಗೆ, ಹಳಿ ತನಗಲ್ಲ, ಒಬ್ಬ ಸ್ನೇಹಿತನಿಗೆ ಎಂದು ಕೇಳುವ ಮೊದಲೇ ಹೇಳಿದ. ಪಟ್ಟಿಯ ಉದ್ದ ನೂರ ಅರವತ್ತಮೂರು ಇಂಚು ಎಂದ. ಬಂಡಿ ಸೆಕೆಂಡ್ ಹ್ಯಾಂಡ್ ಎಂದು ಗೊತ್ತಾದದ್ದೇ ಆನ್ಸೆಲ್ ಹಳಿಗಳನ್ನು ತನ್ನ ಕಡೆಗೆ ಎಳೆದುಕೊಂಡ. ಹಿಂದಿನ ಮಾಲೀಕ ಪಟ್ಟಿಯನ್ನು ಉದ್ದ ಮಾಡಿಸಿದ್ದರೆ ಇವು ಕೂರುವುದಿಲ್ಲ, ಒಮ್ಮೆ ಒಯ್ದದ್ದನ್ನು ವಾಪಸು ತೆಗೆದುಕೊಳ್ಳುವುದಿಲ್ಲ. ಫೋನ್ ಮಾಡಿ ಅಳೆಸು, ಸ್ಪೀಕರ್ ಹಾಕು, ನಾನೂ ಕೇಳಿಸಿಕೊಳ್ಳುತ್ತೇನೆ ಎಂದ.

ವರ್ಲಿನ್‌ನ ಹೆಂಡತಿ ಬರ್ಡೀನ್ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಪರದೆ ಅಳೆಯುವ ಟೇಪು ಹಿಡಿದು ಗ್ಯಾರೇಜಿಗೆ ಇಳಿದಳು. ಅವಳ ಧ್ವನಿ ಅಂಗಡಿಯ ಮೂಲೆ ಮೂಲೆಗೂ ತಲುಪಿತು.

"ಟೇಪ್ ಜಾರ್ತಿದೆ ಕಣೋ. ಗಾರ್ತ್ ಇಲ್ಲೇ ಬೇಲಿ ಹತ್ರ ನಿಂತಿದಾನೆ, ಒಂದ್ ತುದಿ ಹಿಡ್ಕೋ ಅಂತ ಕರೀಲಾ?"

"ಬೇಡ."

"ಸುಮ್ನೆ ನಿಂತಿದಾನೆ ಪಾಪ."

"ಬರ್ಡೀನ್, ಕೈ ಮುಗೀತೀನಿ, ಬೇಡ."

ಬರ್ಡೀನ್ ಬಗ್ಗಿ ಪಟ್ಟಿಯನ್ನೇ ನೋಡಿದಳು. "ರಬ್ಬರ್ ಮೇಲೇ ಅಚ್ಚು ಹಾಕಿದಾರಲ್ಲೋ, ನೂರಾ ಅರವತ್ಮೂರು ಅಂತ. ಕನ್ನಡಕ ಹಾಕ್ಕೋ ಅಂತ ಎಷ್ಟ್ ಸಲ ಹೇಳ್ಬೇಕು ನಿಂಗೆ?"

ಅಂಗಡಿಯಲ್ಲಿ ಯಾರೋ ಕೆಮ್ಮಿದರು. ವರ್ಲಿನ್ ತಿರುಗಿದ. ಐದಡಿ ಉದ್ದದ ರಟ್ಟಿನ ಪೆಟ್ಟಿಗೆಯನ್ನು ತಬ್ಬಿಕೊಂಡು ಬಾಗಿಲ ಬಳಿ ನಿಂತಿದ್ದವರು ಅವರ ಊರಿನ ಪಾಸ್ಟರ್ ಒರಿನ್. ಸಾಲಿನಲ್ಲಿ ಅವರದು ಮೂರನೆಯ ಬಂಡಿ. ಪಾಸ್ಟರ್, ಇದು ಚರ್ಚಿನ ಪರದೆ ಕಡ್ಡಿ ಎಂದರು. ವರ್ಲಿನ್ ತನ್ನದು ಮೀನಿನ ಗಾಳ ಎಂದ. ಕೆರೆಗಳ ಮೇಲೆಲ್ಲ ಎರಡಡಿ ಮಂಜುಗಡ್ಡೆ ಇತ್ತು. ಇಬ್ಬರೂ ದೇವರು ಒಳ್ಳೆಯದು ಮಾಡಲಿ ಎಂದು ಹಾರೈಸಿಕೊಂಡು ಬೇರೆಯಾದರು.

ಆನ್ಸೆಲ್ ರಸೀದಿ ಹರಿಯುತ್ತ ಹೇಳಿದ: "ನಿಮ್ಮೂರಿಗೆ ಈ ವಾರ ಇದು ಐದ್ನೇ ಜೋಡಿ. ಎಲ್ರೂ ಸ್ನೇಹಿತರಿಗೇ ಒಯ್ದಿದ್ದು. ಒಳ್ಳೇ ಸ್ನೇಹಿತರಪ್ಪ ನೀವು."

ವಾಪಸಾಗುವ ದಾರಿಯ ನಲವತ್ತನೆಯ ಮೈಲಿಯಲ್ಲಿ ವರ್ಲಿನ್‌ಗೆ ಲೆಕ್ಕ ಹೊಳೆಯಿತು. ಭಾನುವಾರದ ಸಾಲಿನಲ್ಲಿದ್ದವರು ಐದು ಜನ: ತಾನು, ಗಾರ್ತ್, ಪಾಸ್ಟರ್, ಸ್ಕೂಲ್ ಟೀಚರ್ ಟ್ವೈಲಾ, ಬಾರಿನ ಮೇವಿಸ್. ಮಾರಾಟವಾದದ್ದು ಐದು ಜೋಡಿ. ಉಳಿದ ಮೂವತ್ತು ಮೈಲಿ ಅವನು ಸಿಳ್ಳೆ ಹಾಕುತ್ತ ಬಂದ.

ಸಂಜೆ ಐದಕ್ಕೆ ಹೊಸ ಹಳಿಗಳು ಬಂಡಿಯೊಳಗೆ ಕೂತಿದ್ದವು. ಅಲ್ಲಿಗೆ ಸುಮ್ಮನಾಗಿದ್ದರೆ ಎಲ್ಲವೂ ಸರಿಯಾಗಿರುತ್ತಿತ್ತು. ಆದರೆ ಏಳು ಗಂಟೆಗೆ ಬಾರಿನಲ್ಲಿ ಕನ್ನಡಕದ ವಿಷಯ ಅವನಿಗಿಂತ ಮುಂಚೆ ಬಂದು ಕೂತಿತ್ತು. ಮುಂದಾಳಿಗೆ ಕಣ್ಣು ಸರಿ ಇರಬೇಕಲ್ಲವೇ ಎಂದು ಪಾಸ್ಟರ್ ಬಿಯರ್ ಹೀರುತ್ತ ಚಿಂತೆ ವ್ಯಕ್ತಪಡಿಸಿದರು. ವಯಸ್ಸು ಯಾರನ್ನೂ ಬಿಡುವುದಿಲ್ಲ ಎಂದು ಟ್ವೈಲಾ ನಿಟ್ಟುಸಿರಿಟ್ಟಳು. ಗಾರ್ತ್ ಅವನ ಹೆಗಲ ಮೇಲೆ ಕೈ ಇಟ್ಟ.

"ಬೇಜಾರ್ ಮಾಡ್ಕೋಬೇಡ ಮಾರಾಯ. ಶನಿವಾರದಿಂದ ಮುಂದೆ ನಾನು ಹೋಗ್ತೀನಿ ಬಿಡು."

ವರ್ಲಿನ್ ಎದ್ದು ಹೊರಗೆ ಹೋದ. ಎಲ್ಲಾದರೂ ಎಸೆಯಲೆಂದು ಟ್ರಕ್ಕಿನಲ್ಲಿ ಬಚ್ಚಿಟ್ಟಿದ್ದ ತನ್ನ ಬಾಗಿದ ಹಳಿಯನ್ನು ತಂದು ಕೌಂಟರಿನ ಮೇಲೆ ಇಟ್ಟ. ಮೇವಿಸಳ ಕೈ ಆಗಲೇ ಸುತ್ತಿಗೆಗೆ ಹೋಗಿತ್ತು.

"ಸುತ್ತಿಗೆ ಕೆಳಗಿಡು ಮೇವಿಸ್. ಮೊದ್ಲು ನಿಂದು ತಗೊಂಬಾ. ಗಾರ್ತ್, ತೊಟ್ಲು ತಗೊಂಬಾ. ಪಾಸ್ಟ್ರೇ, ನಿಮ್ಮ ಪರದೆ ಕಡ್ಡೀನೂ ಬರ್ಲಿ."

ಮೊದಲು ಎದ್ದವರು ಪಾಸ್ಟರ್. ಕಾಲು ಗಂಟೆಯಲ್ಲಿ ಕೌಂಟರಿನ ಮೇಲೆ ಐದು ಬಾಗಿದ ಹಳಿಗಳು ಸಾಲಾಗಿ ಮಲಗಿದ್ದವು. ಮೇವಿಸ್ ತನ್ನದನ್ನು ಐಸ್ ಪೆಟ್ಟಿಗೆಯ ಹಿಂದಿನಿಂದ ಎಳೆದು ತಂದಿದ್ದಳು. ಎಲ್ಲರೂ ತಪ್ಪಿತಸ್ಥರಾದರೆ ಕೊನೆಯಲ್ಲಿ ಹೋಗುವವರು ಯಾರು? ನಿಯಮ ಈ ವರ್ಷಕ್ಕೆ ರದ್ದು ಎಂದು ವರ್ಲಿನ್ ಸಾರಿದ. ಯಾರೂ ಎದುರಾಡಲಿಲ್ಲ. ಅವನು ಎಲ್ಲರಿಗೂ ಒಂದೊಂದು ಬಿಯರ್ ಹೇಳಿದ. ಹನ್ನೊಂದು ವರ್ಷದಲ್ಲಿ ಅಷ್ಟು ದೊಡ್ಡ ಮುಂದಾಳು ಅವನು ಎಂದೂ ಆಗಿರಲಿಲ್ಲ.

ಟ್ವೈಲಾ ಮಾತ್ರ ಹಳಿಗಳನ್ನೇ ನೋಡುತ್ತಿದ್ದಳು. ಐದೂ ಎಡಗಡೆಯವು. ಐದೂ ಮುಂದಿನ ತುದಿಯಿಂದ ಒಂದು ಗೇಣು ಹಿಂದಕ್ಕೆ ಬಾಗಿದ್ದವು. ಅವಳು ಕಾಗದದ ಕರವಸ್ತ್ರದ ಮೇಲೆ ಬೆಟ್ಟದ ನಕ್ಷೆ ಬರೆದು, ಯಾರ್ಯಾರಿಗೆ ಎಲ್ಲಿ ಬಡಿಯಿತೋ ಅಲ್ಲಿ ಗುರುತು ಹಾಕಿ ಎಂದು ಪೆನ್ನು ಕೊಟ್ಟಳು. ಹಿಮ ಮುಖಕ್ಕೆ ರಾಚುತ್ತಿದ್ದುದರಿಂದ, ಟಣ್ ಎಂದದ್ದು ತನಗೆ ಮಾತ್ರ ಎಂದು ಪ್ರತಿಯೊಬ್ಬರೂ ತಿಳಿದಿದ್ದರು. ಐದು ಗುರುತುಗಳೂ ಒಂದರ ಮೇಲೊಂದು ಬಿದ್ದವು.

"ನಾವೆಲ್ಲ ಯಾರ ಜಾಡಲ್ಲಿ ಬರ್ತಿದ್ವಿ?" ಟ್ವೈಲಾ ಕ್ಲಾಸಿನಲ್ಲಿ ಕೇಳುವಂತೆ ಕೇಳಿದಳು.

ಉತ್ತರ ಎಲ್ಲರಿಗೂ ಗೊತ್ತಿತ್ತು. ಮೇವಿಸ್ ಮತ್ತೆ ಸುತ್ತಿಗೆ ಎತ್ತಿಕೊಂಡಳು. ಗಾರ್ತ್ ಏಣಿ ಹಿಡಿದ. ಪಾಸ್ಟರ್ ಒಳ್ಳೆಯ ಅಕ್ಷರದಲ್ಲಿ ಐದು ಹಳಿಗಳ ಮೇಲೂ ಒಂದೇ ಹೆಸರು ಬರೆದುಕೊಟ್ಟರು.

ಶನಿವಾರ ಬೆಳಗ್ಗೆ ಒಂಬತ್ತಕ್ಕೆ ಗಾರ್ತ್ ಮುಂದೆ ಹೊರಟ. ಐದನೆಯ ಬಂಡಿ ವರ್ಲಿನ್‌ನದು. ಅದರ ಹೊಸ ಹಳಿಗಳು ಆ ಚಳಿಗಾಲ ಮುಗಿಯುವವರೆಗೂ ಒಂದಿಷ್ಟೂ ಬಾಗಲಿಲ್ಲ.